ದ್ವೀಪ ಮಾಡುವ ಆಟ

ಮಳೆಗಾಲ ಬಂತೆಂದರೆ ಮಲೆನಾಡಿನ ಪತ್ರಿಕಾ ಕಚೇರಿಗಳಲ್ಲಿ ದಿನವೂ ಎರಡು ಪಟ್ಟಿಗಳು ತಪ್ಪದೆ ಸಿದ್ಧವಾಗುತ್ತವೆ. ಹಿಂದಿನ ಇಪ್ಪತ್ನಾಲ್ಕು ಗಂಟೆಗಳಲ್ಲಿ ಎಲ್ಲೆಲ್ಲಿ ಎಷ್ಟು ಮಳೆ ಬಿತ್ತು ಎಂಬುದು ಒಂದು. ಜಲಾಶಯಗಳಲ್ಲಿ ನೀರು ಎಲ್ಲಿಯವರೆಗೆ ಬಂತು ಎಂಬುದು ಇನ್ನೊಂದು. ಮೊದಲ ಪಟ್ಟಿಯ ಮೇಲ್ತುದಿಯಲ್ಲಿ ಆಗಾಗ ಕಾಣಿಸಿಕೊಳ್ಳುವ ಹೆಸರು ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆ. ಎರಡನೆಯದರಲ್ಲಿ ಪ್ರತಿದಿನವೂ ಇರುವ ಎರಡು ಸಾಲುಗಳೆಂದರೆ ಭದ್ರಾ, ಗರಿಷ್ಠ ಮಟ್ಟ 186 ಅಡಿ. ಲಿಂಗನಮಕ್ಕಿ, ಗರಿಷ್ಠ ಮಟ್ಟ 1,819 ಅಡಿ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಅಂಕಿಗಳನ್ನು ಬರೆದುಕೊಳ್ಳುವಾಗ ನನಗೊಂದು ಅನುಮಾನ ಬಂದಿತ್ತು. ಲಿಂಗನಮಕ್ಕಿ ಭದ್ರೆಗಿಂತ ಹತ್ತು ಪಟ್ಟು ಆಳವೇ? ಹಿರಿಯ ಸಹೋದ್ಯೋಗಿಗಳು ನಕ್ಕರು. ಭದ್ರೆಯ 186 ಅಡಿ ನದಿಯ ತಳದಿಂದ ಹಿಡಿದ ಲೆಕ್ಕ, ಲಿಂಗನಮಕ್ಕಿಯ 1,819 ಅಡಿ ಸಮುದ್ರಮಟ್ಟದಿಂದ ಹಿಡಿದ ಲೆಕ್ಕ, ಅಷ್ಟೇ ವ್ಯತ್ಯಾಸ. ಅಂದಿನಿಂದ ಆ ಎರಡು ಸಂಖ್ಯೆಗಳನ್ನು ಯೋಚಿಸದೆಯೇ ಬರೆಯುತ್ತ ಬಂದಿದ್ದೆ. ಮತ್ತೆ ಯೋಚಿಸುವಂತೆ ಮಾಡಿದ್ದು ಒಂದು ವಿಡಿಯೊ ಗೇಮ್ ಎಂದರೆ ಓದುಗರಿಗೆ ವಿಚಿತ್ರವೆನಿಸಬಹುದು.

ಆ ಆಟದ ಹೆಸರು ಸಿಟೀಸ್ ಸ್ಕೈಲೈನ್ಸ್. ಫಿನ್ಲೆಂಡಿನ ಕೊಲಾಸಲ್ ಆರ್ಡರ್ ಎಂಬ ಸಣ್ಣ ಕಂಪೆನಿ ರೂಪಿಸಿದ ಇದು 2015ರಲ್ಲಿ ಮಾರುಕಟ್ಟೆಗೆ ಬಂತು. ಇಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸಿ ಗೆಲ್ಲುವುದೂ ಇಲ್ಲ. ಆಟಗಾರನಿಗೆ ಒಂದು ಖಾಲಿ ನೆಲ ಸಿಗುತ್ತದೆ. ಅದರ ಮೇಲೆ ರಸ್ತೆ ಎಳೆದು, ನೀರು, ಕರೆಂಟು, ಚರಂಡಿ ಕೊಟ್ಟು, ಶಾಲೆ, ಆಸ್ಪತ್ರೆ ಕಟ್ಟಿಸಿ ಒಂದು ನಗರವನ್ನು ಬೆಳೆಸಬೇಕು. ಆಟದ ಜೊತೆ ಬರುವ ನಕ್ಷೆಗಳಲ್ಲಿ ತೃಪ್ತಿಯಾಗದಿದ್ದರೆ ತನ್ನದೇ ನಕ್ಷೆಯನ್ನು ತಾನೇ ಮಾಡಿಕೊಳ್ಳಬಹುದು. ಹೀಗೆ ಸ್ವಂತಕ್ಕೆ ಮಾಡಿಕೊಳ್ಳುವ ನಕ್ಷೆಗಳಲ್ಲಿ ಆಟಗಾರರಿಗೆ ಬಹಳ ಪ್ರಿಯವಾದದ್ದು ದ್ವೀಪ. ಸುತ್ತ ಸಮುದ್ರ, ನಡುವೆ ಒಂದು ತುಂಡು ನೆಲ, ಅದರ ಮೇಲೆ ನಮ್ಮದೇ ಊರು.

ದ್ವೀಪವೇ ಏಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1984ರಲ್ಲಿ ವಿಲ್ ರೈಟ್ ಎಂಬ ಅಮೆರಿಕದ ಯುವಕ ಕೊಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರಿಗೆ ಒಂದು ಆಟ ಬರೆದ. ‘ರೈಡ್ ಆನ್ ಬಂಗ್ಲಿಂಗ್ ಬೇ’ ಎಂದು ಅದರ ಹೆಸರು. ಹೆಲಿಕಾಪ್ಟರಿನಲ್ಲಿ ಹಾರಿ ದ್ವೀಪಗಳ ಮೇಲಿರುವ ಶತ್ರುವಿನ ಕಾರ್ಖಾನೆಗಳಿಗೆ ಬಾಂಬು ಹಾಕುವುದೇ ಆಟ. ಆ ಯಂತ್ರದ ಒಟ್ಟು ಸ್ಮರಣಶಕ್ತಿ 64 ಕಿಲೋಬೈಟ್. ಇಂದು ನಮ್ಮ ಮೊಬೈಲಿನಲ್ಲಿ ತೆಗೆಯುವ ಒಂದು ಸಾಧಾರಣ ಫೋಟೊಗೆ ಅದರ ಹತ್ತಾರು ಪಟ್ಟು ಜಾಗ ಬೇಕು. ಅಷ್ಟು ಇಕ್ಕಟ್ಟಿನಲ್ಲಿ ಒಂದು ಲೋಕವನ್ನೇ ತುಂಬಬೇಕಾದ್ದರಿಂದ ರೈಟ್ ಒಂದು ಉಪಾಯ ಮಾಡಿದ. ದಂಡೆ, ರಸ್ತೆ, ಕಟ್ಟಡಗಳ ಚಿಕ್ಕ ಚಿಕ್ಕ ಚೌಕಗಳನ್ನು ಮಾಡಿಟ್ಟುಕೊಂಡು, ಹೆಂಚು ಹೊದಿಸಿದಂತೆ ಅವನ್ನು ಜೋಡಿಸಿ ದ್ವೀಪಗಳನ್ನು ಮಾಡುವ ಒಂದು ಉಪಕರಣವನ್ನು ತನ್ನ ಬಳಕೆಗೆಂದು ಬರೆದುಕೊಂಡ.

ಆಟ ಮುಗಿದು ಮಾರಾಟಕ್ಕೆ ಹೋಯಿತು. ಆದರೆ ರೈಟ್ ಆ ಉಪಕರಣವನ್ನು ಕೈಬಿಡಲಿಲ್ಲ. ದ್ವೀಪಗಳ ಮೇಲೆ ಬಾಂಬು ಹಾಕುವುದಕ್ಕಿಂತ ಅವನ್ನು ಕಟ್ಟುವುದೇ ತನಗೆ ಹೆಚ್ಚು ಖುಷಿ ಕೊಡುತ್ತಿತ್ತೆಂದು ಆತ ಮುಂದೆ ಹಲವು ಸಲ ಹೇಳಿಕೊಂಡಿದ್ದಾನೆ. ರಸ್ತೆಯ ಮೇಲೆ ವಾಹನ ಓಡಬೇಕಲ್ಲ, ಊರು ತಾನಾಗಿ ಬೆಳೆಯಬೇಕಲ್ಲ ಎಂಬ ಯೋಚನೆ ಬೆನ್ನು ಹತ್ತಿತು. ನಗರಗಳು ಹೇಗೆ ಬೆಳೆಯುತ್ತವೆ, ಹೇಗೆ ಕೊಳೆಯುತ್ತವೆ ಎಂದು ಓದಲು ಕುಳಿತ. ಆಗ ಕೈಗೆ ಸಿಕ್ಕ ಪುಸ್ತಕಗಳಲ್ಲಿ ಜೇ ಫಾರೆಸ್ಟರ್ 1969ರಲ್ಲಿ ಪ್ರಕಟಿಸಿದ ‘ಅರ್ಬನ್ ಡೈನಮಿಕ್ಸ್’ ಮುಖ್ಯವಾದದ್ದು. ಫಾರೆಸ್ಟರ್ ಎಂಜಿನಿಯರ್, ನಗರವೊಂದರ ಮನೆ, ಉದ್ಯೋಗ, ಜನಸಂಖ್ಯೆಗಳನ್ನು ಸಮೀಕರಣಗಳಿಗೆ ಇಳಿಸಿ ಕಂಪ್ಯೂಟರಿಗೆ ಉಣಿಸಿದವನು. ಅವನ ಲೆಕ್ಕದಲ್ಲಿ ನಗರಕ್ಕೊಂದು ಗೆರೆ ಇತ್ತು; ಗೆರೆಯ ಹೊರಗೆ ಇರುವುದೆಲ್ಲ ಲೆಕ್ಕಕ್ಕೆ ಸಿಗದ ಅಪಾರ ಬಯಲು. ಅಂದರೆ ಅವನ ನಗರವೂ ಒಂದು ಬಗೆಯ ದ್ವೀಪವೇ.

ಇವೆಲ್ಲ ಸೇರಿ ಹುಟ್ಟಿದ್ದು ‘ಸಿಮ್‌ಸಿಟಿ’. ಸೋಲು, ಗೆಲುವು ಇಲ್ಲದ ಆಟವನ್ನು ಯಾರು ಕೊಳ್ಳುತ್ತಾರೆ ಎಂದು ಪ್ರಕಾಶಕರು ಹಿಂಜರಿದರು. ಕೊನೆಗೆ ರೈಟ್ ಮತ್ತು ಜೆಫ್ ಬ್ರೌನ್ ಸೇರಿ ಮ್ಯಾಕ್ಸಿಸ್ ಎಂಬ ಕಂಪೆನಿಯನ್ನೇ ಕಟ್ಟಿ, 1989ರಲ್ಲಿ ಅದನ್ನು ಹೊರತಂದರು. ಮುಂದಿನದು ಗೊತ್ತಿರುವ ವಿಷಯ. ನಗರ ಕಟ್ಟುವ ಆಟಗಳ ಒಂದು ದೊಡ್ಡ ಸಂತಾನವೇ ಅದರಿಂದ ಹುಟ್ಟಿಕೊಂಡಿತು. ಸಿಮ್‌ಸಿಟಿಯ ನಕ್ಷೆ ಅಡ್ಡಕ್ಕೆ 120, ಉದ್ದಕ್ಕೆ 100 ಚೌಕಗಳದ್ದು. ಅದರ ಮೂಲ ಪ್ರೋಗ್ರಾಂ 2008ರಲ್ಲಿ ‘ಮೈಕ್ರೊಪೊಲಿಸ್’ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ಮುಕ್ತವಾದಾಗ ಕುತೂಹಲಿಗಳು ಅದನ್ನು ಬಿಚ್ಚಿ ನೋಡಿದರು. ಹೊಸ ನೆಲವನ್ನು ಸೃಷ್ಟಿಸುವ ಭಾಗದಲ್ಲಿ ಒಂದು ಚಿಕ್ಕ ಚೀಟಿ ಎತ್ತುವಿಕೆ ಇದೆ. ಸುಮಾರು ಹತ್ತರಲ್ಲಿ ಒಂದು ಸಲ ಕಂಪ್ಯೂಟರ್ ತಾನಾಗಿ ದ್ವೀಪವನ್ನು ಮಾಡಿಕೊಡುತ್ತದೆ. ಉಳಿದ ಒಂಬತ್ತು ಸಲ ಹೊಳೆ, ಕೆರೆ, ಕಾಡು. ಬಂಗ್ಲಿಂಗ್ ಕೊಲ್ಲಿಯ ನೆನಪು ಅಲ್ಲಿ ಹಾಗೆ ಉಳಿದುಕೊಂಡಿತ್ತೋ ಏನೋ.

ದ್ವೀಪದ ಅನುಕೂಲ ಆಟಗಾರನಿಗೆ ಬೇಗ ತಿಳಿಯುತ್ತದೆ. ಕಂಪ್ಯೂಟರಿನ ಲೋಕ ಎಲ್ಲಾದರೂ ಕೊನೆಯಾಗಲೇಬೇಕು. ಅದು ಒಂದು ಗದ್ದೆಯ ನಡುವೆ ತಟಕ್ಕನೆ ಕೊನೆಯಾದರೆ ಆಚೆ ಏನಿದೆ ಎಂಬ ಪ್ರಶ್ನೆ ಬರುತ್ತದೆ. ಸಮುದ್ರದಲ್ಲಿ ಕೊನೆಯಾದರೆ ಯಾರೂ ಕೇಳುವುದಿಲ್ಲ. ಇರುವಷ್ಟು ಜಾಗದಲ್ಲೇ ಎಲ್ಲವನ್ನೂ ಹೊಂದಿಸಬೇಕಾದ ಬಿಗಿಯೂ ಆಟಕ್ಕೆ ರುಚಿ ಕೊಡುತ್ತದೆ.

ಈ ಉಪಾಯ ಕಂಪ್ಯೂಟರಿಗಿಂತ ಬಹಳ ಹಳೆಯದು. ಇಂಗ್ಲೆಂಡಿನ ಥಾಮಸ್ ಮೋರ್ 1516ರಲ್ಲಿ ಪ್ರಕಟಿಸಿದ ‘ಯುಟೋಪಿಯ’ದಲ್ಲಿ ಆದರ್ಶ ರಾಜ್ಯವೊಂದರ ವರ್ಣನೆಯಿದೆ. ಅದೂ ದ್ವೀಪ. ಅದರಲ್ಲಿ ಐವತ್ತನಾಲ್ಕು ನಗರಗಳು, ಎಲ್ಲವೂ ಒಂದೇ ಯೋಜನೆಯವು. ಆದರೆ ಅದು ಹುಟ್ಟಾ ದ್ವೀಪವಲ್ಲ. ಆ ನೆಲವನ್ನು ಗೆದ್ದ ಯುಟೋಪಸ್ ಎಂಬ ರಾಜ ಮುಖ್ಯಭೂಮಿಗೆ ಅಂಟಿಕೊಂಡಿದ್ದ ಹದಿನೈದು ಮೈಲಿ ನೆಲವನ್ನು ಅಗೆಸಿ ಸಮುದ್ರವನ್ನು ಸುತ್ತ ಹರಿಸಿದನಂತೆ. ಹೇಳಿ ಮಾಡಿಸಿದ ದ್ವೀಪ ಎನ್ನುತ್ತೇವಲ್ಲ, ಅದು ಇದೇ. ಅಗೆಯುವ ಕೆಲಸಕ್ಕೆ ಆತ ಅಲ್ಲಿನ ಮೂಲ ನಿವಾಸಿಗಳನ್ನಷ್ಟೇ ಹಚ್ಚಲಿಲ್ಲ, ಅವರಿಗೆ ಅವಮಾನವೆನಿಸಬಾರದೆಂದು ತನ್ನ ಸೈನಿಕರನ್ನೂ ಜೊತೆಗೆ ದುಡಿಸಿದ ಎಂದು ಮೋರ್ ಬರೆಯುತ್ತಾನೆ. ಗಮನಿಸಬೇಕಾದ ಮಾತು. ಕಲ್ಪನೆಯ ದ್ವೀಪದಲ್ಲಿ ಕೂಡ ಮೊದಲೇ ಜನರಿದ್ದರು. ಕಂಪ್ಯೂಟರ್ ಆಟದ ಖಾಲಿ ನಕ್ಷೆಯಲ್ಲಿ ಯಾರೂ ಇರುವುದಿಲ್ಲ.

1980ರ ದಶಕದ ಆರಂಭದಲ್ಲಿ, ಅಂದರೆ ರೈಟ್‌ಗಿಂತಲೂ ಮೊದಲೇ, ಡಾನ್ ಡಗ್ಲೋ ಎಂಬಾತ ಮ್ಯಾಟೆಲ್ ಕಂಪೆನಿಯ ಇಂಟೆಲಿವಿಷನ್ ಯಂತ್ರಕ್ಕೆ ಮೋರ್‌ನ ಪುಸ್ತಕದ ಹೆಸರನ್ನೇ ಇಟ್ಟು ಒಂದು ಆಟ ಮಾಡಿದ್ದ. ಇಬ್ಬರು ಆಟಗಾರರು, ಎರಡು ದ್ವೀಪಗಳು. ಬೆಳೆ, ಮೀನು, ಮನೆ, ಶಾಲೆ, ನಡುನಡುವೆ ಚಂಡಮಾರುತ. ಪ್ರಜೆಗಳಿಗೆ ಅಸಮಾಧಾನವಾದರೆ ಬಂಡಾಯ ಏಳುತ್ತಿತ್ತು.

ಇನ್ನು ನಕ್ಷೆ ಮಾಡುವ ಬಗೆಗೆ ಬರೋಣ. ಸ್ಕೈಲೈನ್ಸ್ ಆಟದ ನೆಲ ಒಂದು ಕಪ್ಪು ಬಿಳುಪು ಚಿತ್ರದಿಂದ ಹುಟ್ಟುತ್ತದೆ. ಅಡ್ಡಕ್ಕೆ 1,081, ಉದ್ದಕ್ಕೆ 1,081 ಚುಕ್ಕೆಗಳ ಒಂದು ಚಿತ್ರ. ಚುಕ್ಕೆ ಕಪ್ಪಾಗಿದ್ದರೆ ತಗ್ಗು, ಬೆಳ್ಳಗಿದ್ದರೆ ಗುಡ್ಡ, ಬೂದಿ ಬಣ್ಣದ ಸಾವಿರ ಛಾಯೆಗಳು ನಡುವಿನ ಇಳಿಜಾರುಗಳು. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ 16 ಮೀಟರ್ ಅಂತರ. ಹಾಗಾಗಿ ಇಡೀ ನಕ್ಷೆ 17.28 ಕಿಲೋಮೀಟರ್ ಅಗಲದ ಚೌಕ. ಎತ್ತರಕ್ಕೆ 1,024 ಮೀಟರ್ ಮಿತಿ. ಕುದುರೆಮುಖ ಶಿಖರ 1,894 ಮೀಟರ್ ಇರುವುದರಿಂದ ಅದನ್ನು ಇದ್ದ ಹಾಗೆ ಒಳಗೆ ತೂರಿಸಲಾಗದು. ಬುಡವನ್ನು ಕಳೆದು ಅಥವಾ ಇಡೀ ಬೆಟ್ಟವನ್ನು ಕುಗ್ಗಿಸಿ ಹೊಂದಿಸಬೇಕು. ಚಿತ್ರವನ್ನು ಒಳಗೆ ಹಾಕಿದ ಮೇಲೆ ಇನ್ನೊಂದೇ ಕೆಲಸ ಬಾಕಿ. ಸಮುದ್ರದ ಮಟ್ಟ ಎಷ್ಟು ಎಂದು ಹೇಳಬೇಕು. ತಾನಾಗಿ ಅದು 40 ಮೀಟರ್ ಎಂದು ಇರುತ್ತದೆ. ಬೇಕಾದರೆ ಏರಿಸಬಹುದು. ಏರಿಸುತ್ತ ಹೋದಂತೆ ಕಣಿವೆಗಳು ತುಂಬುತ್ತವೆ, ಗುಡ್ಡಗಳು ಒಂದೊಂದಾಗಿ ಬೇರ್ಪಟ್ಟು ದ್ವೀಪಗಳಾಗುತ್ತವೆ.

ಬೆಟ್ಟದ ಚಿತ್ರವನ್ನು ಕೈಯಿಂದಲೇ ಬರೆಯಬೇಕೆಂದಿಲ್ಲ. 2000ದ ಫೆಬ್ರುವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರಾಡಾರ್ ಕಿರಣಗಳಿಂದ ಜಗತ್ತಿನ ಸುಮಾರು ಶೇಕಡ 80ರಷ್ಟು ನೆಲದ ಏರುತಗ್ಗುಗಳನ್ನು ಅಳೆಯಿತು. ಆ ಅಳತೆ ಇಂದು ಯಾರಿಗೂ ಉಚಿತ. ಜಗತ್ತಿನ ಯಾವ ಮೂಲೆಯ ಬೆಟ್ಟವಾದರೂ ಸರಿ, ಚೌಕ ಕತ್ತರಿಸಿ ಆಟಕ್ಕೆ ಹಾಕಿಕೊಳ್ಳಬಹುದು.

ನಾನು ಕತ್ತರಿಸಿಕೊಂಡ ಮೊದಲ ಚೌಕ ಕೆರೆಕಟ್ಟೆಯದು. ಊರಿನ ಹೆಸರಿನಲ್ಲೇ ಕೆರೆಯೂ ಇದೆ, ಕಟ್ಟೆಯೂ ಇದೆ, ನೀರು ನಿಲ್ಲಿಸಿ ನೋಡೋಣ ಎಂಬ ಚೇಷ್ಟೆ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಈ ಕಣಿವೆಯಲ್ಲಿ ಇಳಿದು ನೆಮ್ಮಾರು, ಶೃಂಗೇರಿಗಳ ಕಡೆಗೆ ಹೋಗುತ್ತಾಳೆ. ಮಟ್ಟ ಏರಿಸಿದೆ. ಮೊದಲು ನೆಮ್ಮಾರಿನ ಕಡೆಯ ತಗ್ಗು ನೀರಾಯಿತು. ಇನ್ನಷ್ಟು ಏರಿಸಿದೆ, ಹೊಳೆಯ ಹಾದಿ ಹಿಡಿದು ನೀರು ಮೇಲಕ್ಕೆ ಬಂತು. ಕೆರೆಕಟ್ಟೆ ಮುಳುಗಿತು. ಪರದೆಯ ಮೇಲೆ ಅಂಚು ಅಂಚಾದ, ಬಹಳ ಚೆಲುವಾದ ಒಂದು ದ್ವೀಪಮಾಲೆ ಎದ್ದು ನಿಂತಿತು. ಹತ್ತು ನಿಮಿಷದ ಕೆಲಸ. ಕೆರೆಕಟ್ಟೆಯಿಂದ ಮುಂದೆ ಹೋದರೆ ಎಸ್.ಕೆ. ಬಾರ್ಡರ್ ದಾಟಿ ಕುದುರೆಮುಖ ಸಿಗುತ್ತದೆ, ಅಲ್ಲಿ ನಿಜವಾಗಿಯೇ ಕಾಡಿನ ನಡುವೆ ಕಟ್ಟಿ, 2005ರ ಕೊನೆಗೆ ಗಣಿ ನಿಂತಾಗ ಬರಿದಾದ ಒಂದು ನಗರವಿದೆ. ಅದು ಬೇರೆಯದೇ ಕಥೆ.

ಎರಡನೇ ಚೌಕ ನರಸಿಂಹರಾಜಪುರದ್ದು. ತುಂಗೆಯ ಜೊತೆಗೇ ಗಂಗಾಮೂಲದಲ್ಲಿ ಹುಟ್ಟುವ ಭದ್ರೆ ಕುದುರೆಮುಖ, ಕಳಸ, ಬಾಳೆಹೊನ್ನೂರುಗಳ ಸುತ್ತಿನಿಂದ ಬಂದು ಈ ತಾಲ್ಲೂಕಿನ ಅಂಚಿನಲ್ಲಿ ಲಕ್ಕವಳ್ಳಿ ಅಣೆಕಟ್ಟೆಯ ಹಿಂದೆ ನಿಂತಿದ್ದಾಳೆ. ಇಲ್ಲಿ ನಾನು ಮಟ್ಟ ಏರಿಸಬೇಕಾಗಲಿಲ್ಲ. ಏರಿಸುವ ಕೆಲಸ 1960ರ ದಶಕದಲ್ಲೇ ಮುಗಿದಿತ್ತು. ಎಡೆಹಳ್ಳಿ ಎಂಬ ಹಳೆಯ ಹೆಸರಿದ್ದ ಊರಿನ ಮಗ್ಗುಲಿಗೇ ಹಿನ್ನೀರು ಬಂದು ನಿಂತು, ಕಣಿವೆಯ ನಡುವಿನ ಎಷ್ಟೋ ಗುಡ್ಡಗಳು ದ್ವೀಪಗಳಾದವು. ಪರದೆಯ ಮೇಲೆ ಆ ದ್ವೀಪಗಳ ಆಕಾರ ಕೆರೆಕಟ್ಟೆಯಲ್ಲಿ ನಾನು ಆಟಕ್ಕೆ ಮಾಡಿದ ದ್ವೀಪಗಳ ಹಾಗೆಯೇ ಇತ್ತು. ಅದೇ ಹಲ್ಲು ಹಲ್ಲಾದ ದಂಡೆ, ಅದೇ ಬೆರಳುಗಳಂತೆ ಒಳಗೆ ಚಾಚಿದ ನೀರು. ಇರಲೇಬೇಕು. ಎರಡೂ ಕಡೆ ನಡೆದದ್ದು ಒಂದೇ ಕ್ರಿಯೆ.

ಈ ಕ್ರಿಯೆಗೆ ಆಧಾರವಾದದ್ದು ಸಮೋನ್ನತಿ ರೇಖೆ, ಶಾಲೆಯ ಭೂಗೋಳದಲ್ಲಿ ನಾವೆಲ್ಲ ಕಂಡ ಕಂಟೂರ್ ಗೆರೆ. 1774ರಲ್ಲಿ ಸ್ಕಾಟ್ಲೆಂಡಿನ ಶೀಹ್ಯಾಲಿಯನ್ ಬೆಟ್ಟದ ತೂಕದಿಂದ ಭೂಮಿಯ ತೂಕವನ್ನು ಅಂದಾಜು ಮಾಡುವ ಪ್ರಯೋಗ ನಡೆದಾಗ, ಅಳತೆಯ ರಾಶಿ ರಾಶಿ ಅಂಕಿಗಳನ್ನು ಎದುರಿಟ್ಟುಕೊಂಡು ಕುಳಿತ ಗಣಿತಜ್ಞ ಚಾರ್ಲ್ಸ್ ಹಟನ್ ಒಂದೇ ಎತ್ತರದ ಜಾಗಗಳನ್ನೆಲ್ಲ ಗೆರೆಯಿಂದ ಸೇರಿಸಿದ. ಬೆಟ್ಟದ ಆಕಾರ ಕಾಗದದ ಮೇಲೆ ಎದ್ದು ಕಂಡಿತು. ಈ ಗೆರೆಯ ಗುಣವೆಂದರೆ, ಅಲ್ಲಿಯವರೆಗೆ ನೀರು ನಿಂತರೆ ದಂಡೆ ಎಲ್ಲಿ ಬರುತ್ತದೆ ಎಂಬುದನ್ನು ಅದು ಮೊದಲೇ ಹೇಳಿಬಿಡುತ್ತದೆ. ಅಣೆಕಟ್ಟೆ ಕಟ್ಟುವ ಎಂಜಿನಿಯರಿಗೆ ಬೇಕಾದದ್ದೂ ಅದೇ. ಕಟ್ಟೆಯ ಎತ್ತರ ಇಂತಿಷ್ಟು ಎಂದು ನಿಶ್ಚಯವಾದ ದಿನ ನಕ್ಷೆಯ ಮೇಲಿನ ಒಂದು ಗೆರೆ ಮುಳುಗಡೆಯ ಗೆರೆಯಾಗುತ್ತದೆ. ಗೆರೆಯ ಒಳಗಿನ ಮನೆಗೆ ಪರಿಹಾರದ ನೋಟಿಸು, ಹೊರಗಿನ ಮನೆಗೆ ಇಲ್ಲ.

ನೀರಿನ ಮಟ್ಟ ದ್ವೀಪವನ್ನು ಮಾಡುವುದೂ ಕೆಡಿಸುವುದೂ ನಮ್ಮ ಚರಿತ್ರೆಗೆ ಹೊಸತಲ್ಲ. 1610ರಿಂದ ಮೈಸೂರಿನ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣ ಕಾವೇರಿಯ ದ್ವೀಪ. 1799ರಲ್ಲಿ ಅದನ್ನು ಮುತ್ತಿದ ಬ್ರಿಟಿಷರಿಗೆ ಇದ್ದ ದೊಡ್ಡ ಚಿಂತೆ ಟಿಪ್ಪುವಿನ ಫಿರಂಗಿಗಳಷ್ಟೇ ಆಗಿರಲಿಲ್ಲ. ಮುಂಗಾರು ಬಂದು ಹೊಳೆ ತುಂಬುವ ಮೊದಲು ಕೆಲಸ ಮುಗಿಯಬೇಕಿತ್ತು. ಮೇ 4ರ ಮಧ್ಯಾಹ್ನ ಸೈನಿಕರು ಹೊಳೆಯನ್ನು ನಡೆದೇ ದಾಟಿದರು. ಇನ್ನೊಂದು ತಿಂಗಳು ಕಳೆದಿದ್ದರೆ ಅದು ನಿಜವಾದ ದ್ವೀಪವಾಗಿರುತ್ತಿತ್ತು. ಆದರೆ ಅಲ್ಲಿ ನೀರನ್ನು ಏರಿಸಿ ಇಳಿಸುತ್ತಿದ್ದದ್ದು ಮಳೆ. ಮಲೆನಾಡಿನಲ್ಲಿ ಏರಿಸಿದ್ದು ಯೋಜನೆ.

ಮೂರನೇ ಚೌಕಕ್ಕೆ ಶರಾವತಿಗೆ ಹೋಗಲೇಬೇಕು. ಅಲ್ಲಿ ಏರಿಸುವ ಕೆಲಸ ಎರಡು ಸಲ ನಡೆದಿದೆ. ಜೋಗದ ವಿದ್ಯುದಾಗಾರಕ್ಕೆ ನೀರು ಒದಗಿಸಲು ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೆ 1948ರಲ್ಲಿ ಮುಗಿಯಿತು. ಅದರ ಹಿನ್ನೀರಿಗೆ ಒಂದಷ್ಟು ಊರು ಹೋದವು. ಹದಿನಾರೇ ವರ್ಷಗಳಲ್ಲಿ, 1964ರಲ್ಲಿ, ಕೆಳಗಡೆ ಲಿಂಗನಮಕ್ಕಿ ಬಂತು. ಹೊಸ ಮಟ್ಟ 1,819 ಅಡಿ. 300 ಚದರ ಕಿಲೋಮೀಟರಿಗೂ ಹೆಚ್ಚು ನೆಲ ನೀರಾಯಿತು. ಈ ಸಲ ಹಳ್ಳಿಗಳಷ್ಟೇ ಅಲ್ಲ, ಹಳ್ಳಿಗಳನ್ನು ಮುಳುಗಿಸಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ನೀರು ಬಹಳ ಇಳಿದರೆ ಅದು ಮೇಲಕ್ಕೆ ಬರುತ್ತದೆ; ಜನ ನೋಡಲು ಹೋಗುತ್ತಾರೆ.

ಶರಾವತಿಯ ಕರೆಂಟು ಈ ನಾಡಿನ ದೀಪಗಳನ್ನು, ಕಾರ್ಖಾನೆಗಳನ್ನು ಉರಿಸಿತು, ಭದ್ರೆಯ ನಾಲೆ ದಾವಣಗೆರೆಯ ಬಯಲಿನವರೆಗೆ ಭತ್ತ ಬೆಳೆಸಿತು ಎಂಬುದರಲ್ಲಿ ಎರಡು ಮಾತಿಲ್ಲ. ಈ ಲೇಖನವನ್ನು ಬರೆಯುತ್ತಿರುವ ಕಂಪ್ಯೂಟರೂ ಅದೇ ಜಾಲದ ಕರೆಂಟಿನಿಂದ ನಡೆಯುತ್ತಿದೆ. ಲೆಕ್ಕದ ಇನ್ನೊಂದು ಬದಿಯಲ್ಲಿರುವವರು ಸಾವಿರಾರು ಕುಟುಂಬಗಳು. ಶರಾವತಿಯ ಮುಳುಗಡೆಯವರನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡುಗಳಲ್ಲಿ ತಂದು ಬಿಟ್ಟರು. ಹಾಗೆ ಕೊಟ್ಟ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿದಿದ್ದರಿಂದ ಹಕ್ಕುಪತ್ರದ ಜಗಳ ಮಕ್ಕಳ, ಮೊಮ್ಮಕ್ಕಳ ಕಾಲಕ್ಕೂ ಬಂತು. ಜಿಲ್ಲಾ ವರದಿಗಾರರಾಗಿ ಕೆಲಸ ಮಾಡಿದ ಯಾರಿಗೂ ‘ಮುಳುಗಡೆ ಸಂತ್ರಸ್ತರು’ ಎಂಬ ಶೀರ್ಷಿಕೆ ಬರೆಯದೆ ಒಂದು ವರ್ಷ ಕಳೆದಿರಲಾರದು.

ಸ್ಕೈಲೈನ್ಸ್ ಆಟದಲ್ಲೂ ಅಣೆಕಟ್ಟೆ ಕಟ್ಟಬಹುದು. ಅಲ್ಲಿನ ನೀರು ನಿಜದ ನೀರಿನಂತೆಯೇ ಹರಿಯುವುದರಿಂದ, ಲೆಕ್ಕ ತಪ್ಪಿದರೆ ಹಿನ್ನೀರು ಏರಿ ಮೇಲಿನ ಬಡಾವಣೆ ಮುಳುಗುತ್ತದೆ. ಮುಳುಗಿದ ಮನೆಗಳ ಮೇಲೆ ಬುಲ್ಡೋಜರಿನ ಗುಂಡಿ ಒತ್ತಿದರೆ ಅವು ಮಾಯವಾಗುತ್ತವೆ. ಎಲ್ಲಿಗೆ ಹೋದರೆಂದು ಆಟ ಹೇಳುವುದಿಲ್ಲ. ಆಟವನ್ನು ದೂರುವ ಉದ್ದೇಶ ನನಗಿಲ್ಲ. ಅದು ಆಟ. ಸಮೀಕರಣದಲ್ಲಿ ಇಲ್ಲದ್ದು ಪರದೆಯ ಮೇಲೆ ಬರುವುದಿಲ್ಲ ಎಂಬುದಷ್ಟೇ ಮಾತು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ನರಸಿಂಹರಾಜಪುರದ ಚೌಕದಲ್ಲಿ ನೀರನ್ನು ಪೂರ್ತಿ ತೆಗೆದು, ಅಣೆಕಟ್ಟೆಗೆ ಮೊದಲಿದ್ದ ಭದ್ರೆಯ ಕಣಿವೆಯನ್ನು ನೋಡೋಣವೆಂದು ಮಟ್ಟ ಇಳಿಸಿದೆ. ನೀರು ಹೋಯಿತು. ಕೆಳಗೆ ಕಂಡದ್ದು ಕಣಿವೆಯಲ್ಲ, ಮೇಜಿನ ಹಾಗೆ ಸಪಾಟಾದ ಒಂದು ಹಲಗೆ. ಹೊಳೆಯ ತಿರುವಿಲ್ಲ, ಗದ್ದೆಯ ಮೆಟ್ಟಿಲಿಲ್ಲ, ದಿಬ್ಬವಿಲ್ಲ. ಕಾರಣ ಸರಳ. ಎಂಡೆವರ್ ನೌಕೆ ಹಾರಿದ್ದು 2000ದಲ್ಲಿ. ರಾಡಾರ್ ಕಿರಣ ನೀರಿನೊಳಗೆ ಇಳಿಯುವುದಿಲ್ಲ. ಅಷ್ಟೇ ಅಲ್ಲ, ಅಳತೆಯನ್ನು ಶುದ್ಧಗೊಳಿಸುವಾಗ ದೊಡ್ಡ ಕೆರೆ, ಜಲಾಶಯಗಳನ್ನೆಲ್ಲ ಒಂದೇ ಎತ್ತರದ ಸಮತಟ್ಟಾಗಿ ಮಾಡಿಬಿಟ್ಟಿದ್ದಾರೆ. ಜಗತ್ತಿನ ಪ್ರತಿ ಗುಡ್ಡವನ್ನೂ ಅಳೆದಿರುವ ಆ ಭಂಡಾರದಲ್ಲಿ 1960ರ ಮೊದಲಿನ ಭದ್ರೆಯ ಕಣಿವೆ ಇಲ್ಲವೇ ಇಲ್ಲ. ಶರಾವತಿಯದೂ ಇಲ್ಲ.

ಅದು ಉಳಿದಿರುವುದು ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳಲ್ಲಿ. ಒಂದು ಮೈಲಿಗೆ ಒಂದು ಅಂಗುಲದ ಅಳತೆಯವು. ಈ ನಾಡಿನ ನಕ್ಷೆಗೆ ಉದ್ದನೆಯ ಇತಿಹಾಸವೇ ಇದೆ. ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಕಾಲಿನ್ ಮೆಕೆಂಜಿ ಮೈಸೂರಿನ ಸೀಮೆಗಳನ್ನು ಅಳೆಯಲು ಹೊರಟ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ತನ್ನ ಮೊದಲ ಆಧಾರರೇಖೆಯನ್ನು ಅಳೆದು, ಮುಂದೆ ಮದ್ರಾಸಿನಿಂದ ಮಂಗಳೂರಿನ ಕರಾವಳಿಯವರೆಗೆ ತ್ರಿಕೋನಗಳನ್ನು ಹೆಣೆದ. ಅಲ್ಲಿಯವರೆಗೆ ಈ ಪರ್ಯಾಯ ದ್ವೀಪದ ಅಗಲ 400 ಮೈಲಿ ಎಂದು ನಂಬಿದ್ದರು. ಲ್ಯಾಂಬ್ಟನ್ ಅಳೆದಾಗ 360 ಮೈಲಿ ಬಂತು. ನಲವತ್ತು ಮೈಲಿ ನೆಲ ನಕ್ಷೆಯಿಂದ ಹೋಯಿತು, ಯಾರ ಮನೆಯೂ ಮುಳುಗಲಿಲ್ಲ. ಆ ಪರಂಪರೆಯಲ್ಲಿ ಬಂದ ಒಂದಂಗುಲದ ಹಾಳೆಗಳಲ್ಲಿ ಕಾಲುದಾರಿಗೂ ಗುರುತಿದೆ, ದೇವಸ್ಥಾನಕ್ಕೂ ಬಾವಿಗೂ ಗುರುತಿದೆ, ನಾಲ್ಕು ಮನೆಯ ಹಳ್ಳಿಗೂ ಹೆಸರಿದೆ. ಆಟಕ್ಕೆ ಹಳೆಯ ಕಣಿವೆ ಬೇಕೆಂದರೆ ಆ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು, ಸಪಾಟಾದ ಬೂದಿ ಹಲಗೆಯ ಮೇಲೆ ಗೆರೆಗೆರೆಯಾಗಿ ಹೊಳೆಯನ್ನು ಕೈಯಿಂದಲೇ ಕೊರೆಯಬೇಕು. ಕೊರೆಯುತ್ತ ಹೋದಾಗ ಹಾಳೆಯ ಮೇಲಿನ ಹೆಸರುಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಹದಿನಾರು ಮೀಟರಿಗೊಂದು ಚುಕ್ಕೆ. ಒಂದು ಮನೆ, ಅದರ ಅಂಗಳ, ಕೊಟ್ಟಿಗೆ ಎಲ್ಲ ಸೇರಿ ಎರಡು ಮೂರು ಚುಕ್ಕೆಯಾದೀತು.

ದ್ವೀಪಗಳಿಗೆ ಹೊಸ ನಿವಾಸಿಗಳೂ ಬಂದಿದ್ದಾರೆ ಎನ್ನಬೇಕು. ಭದ್ರಾ ಹಿನ್ನೀರು ಇಳಿಯತೊಡಗುವ ಜನವರಿಯಿಂದ ಮುಂಗಾರಿನವರೆಗೆ, ಮೇಲೆದ್ದ ಬೋಳು ನಡುಗಡ್ಡೆಗಳ ಕಲ್ಲು ಮರಳಿನ ಮೇಲೆ ರಿವರ್ ಟರ್ನ್ ಎಂಬ ಹಕ್ಕಿಗಳು ಗುಂಪು ಗುಂಪಾಗಿ ಮೊಟ್ಟೆಯಿಡುತ್ತವೆ. ಕನ್ನಡದಲ್ಲಿ ಹೊಳೆ ರೀವ. ಗೂಡೆಂದರೆ ನೆಲದ ಮೇಲಿನ ಒಂದು ತಗ್ಗು, ಅಷ್ಟೇ. ನೀರು ಬೇಗ ಏರಿದರೆ ಮೊಟ್ಟೆ ಹೋಯಿತು. ಆ ಹಕ್ಕಿಗಳಿಗೂ ಜಲಾಶಯದ ಮಟ್ಟದ ಪಟ್ಟಿಯೇ ಪಂಚಾಂಗ.

ಮುಳುಗಡೆಯನ್ನು ಹತ್ತಿರದಿಂದ ಕಂಡು ಕನ್ನಡದಲ್ಲಿ ಬರೆದವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ನೀರು ಏರಿಸುವವರ ಕಚೇರಿಯೊಳಗಿನಿಂದಲೇ ಏಳುವವರನ್ನು ನೋಡಿದ್ದರು. ಅವರ ‘ದ್ವೀಪ’ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದಾಗ ಅದಕ್ಕೆ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಊರೆಲ್ಲ ಪರಿಹಾರ ಪಡೆದು ಹೋದ ಮೇಲೂ ಬೆಟ್ಟ ಬಿಟ್ಟು ಹೋಗದ ಒಂದು ಮನೆಯ ಕಥೆ ಅದು. ಸುತ್ತ ನೀರು ಏರುತ್ತದೆ, ಅವರ ಬೆಟ್ಟ ದ್ವೀಪವಾಗುತ್ತದೆ. ಆಟದಲ್ಲಿ ದ್ವೀಪ ಮೊದಲು, ಜನ ಆಮೇಲೆ. ಇಲ್ಲಿ ಜನ ಇದ್ದ ಹಾಗೆಯೇ ದ್ವೀಪ ಬಂತು. ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು.

ಸ್ವಂತ ನಕ್ಷೆ ಮಾಡಿದವರಿಗೆ ಸ್ಕೈಲೈನ್ಸ್ ಒಂದು ಷರತ್ತು ಹಾಕುತ್ತದೆ. ಆಟ ಶುರುವಾಗುವ ಚೌಕಕ್ಕೆ ಹೊರಗಿನಿಂದ ಹೆದ್ದಾರಿಯ ಸಂಪರ್ಕ ಇರಬೇಕು, ಇಲ್ಲದಿದ್ದರೆ ಆ ನಕ್ಷೆಯಲ್ಲಿ ಆಡುವಂತಿಲ್ಲ. ಹೆದ್ದಾರಿಯಿಲ್ಲದೆ ಜನ ಬರುವುದು ಹೇಗೆ? ಹಾಗಾಗಿ ಎಂಥ ನಡುಸಮುದ್ರದ ದ್ವೀಪವನ್ನು ಮಾಡಿದರೂ ಮೊದಲ ಮನೆ ಏಳುವುದಕ್ಕೆ ಮುಂಚೆಯೇ ಅದಕ್ಕೊಂದು ಸೇತುವೆ ಕಟ್ಟಿರಬೇಕು. ಕೆರೆಕಟ್ಟೆಯನ್ನು ಮುಳುಗಿಸಿ ಮಾಡಿದ ನನ್ನ ದ್ವೀಪಕ್ಕೂ ಹಾಗೆಯೇ ಒಂದು ಕಟ್ಟಿದೆ. ಸೇತುವೆಗೆ ಹಿಡಿದದ್ದು ಅರ್ಧ ನಿಮಿಷ.

ಲಿಂಗನಮಕ್ಕಿಯ ಹಿನ್ನೀರಿನಾಚೆ ಉಳಿದ ತುಮರಿ, ಸಿಗಂದೂರಿನ ಕಡೆಯ ಜನರಿಗೆ ಬಹುದೂರ ಸುತ್ತಿದರೆ ನೆಲದ ದಾರಿ ಉಂಟು. ಆದರೆ ತಾಲ್ಲೂಕು ಕೇಂದ್ರವಾದ ಸಾಗರಕ್ಕೆ ಹೋಗಲು ಅವರು ದಶಕಗಳ ಕಾಲ ಲಾಂಚನ್ನೇ ನಂಬಿದ್ದರು. ಬಸ್ಸೂ ಲಾಂಚಿನ ಮೇಲೆ, ಜೀಪೂ ಲಾಂಚಿನ ಮೇಲೆ. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಕಾಯಿಲೆ ಬಿದ್ದವರ ಪಾಡು ಆ ಕಡೆಯವರನ್ನೇ ಕೇಳಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ದಡ ಸಿಗದ ತೊಂದರೆ ಬೇರೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು, ನೀರು ಏರಿ ಅರವತ್ತೊಂದು ವರ್ಷಗಳ ನಂತರ. ಮರುದಿನವೂ ನಮ್ಮ ಪಟ್ಟಿಯಲ್ಲಿ ಅದೇ ಸಾಲು ಇತ್ತು: ಲಿಂಗನಮಕ್ಕಿ, ಗರಿಷ್ಠ ಮಟ್ಟ 1,819 ಅಡಿ.